ಬ್ರೇಕ್ ಮಾಸ್ತರ ಟು ಮತ್ತು ಇಂಗ್

ಡ್ರೈವಿಂಗ್ ಸ್ಕೂಲಿನಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವರು ಬ್ರೇಕ್ ಮಾಸ್ತರು. ಕಲಿಸುವ ಕಾರಿನಲ್ಲಿ ಮಾಸ್ತರು ಕೂರುವ ಕಡೆಗೂ ಕಾಲ ಬುಡದಲ್ಲಿ ಒಂದು ಬ್ರೇಕ್ ಇರುತ್ತದೆ. ಬೇರೆಯವರು ಅದನ್ನು ಆಪತ್ತಿನ ಕಾಲಕ್ಕೆಂದು ಬಿಟ್ಟಿರುತ್ತಾರೆ. ಇವರು ಮಾತ್ರ ಎದುರಿನ ಬೀದಿಯಲ್ಲಿ ನಾಯಿ ಆಕಳಿಸಿದರೂ ಒತ್ತಿಬಿಡುತ್ತಿದ್ದರು. ಕಲಿಯಲು ಬಂದವರು ಮೊದಲ ವಾರದಲ್ಲೇ ಸ್ಟಿಯರಿಂಗಿಗೆ ಹಣೆ ಹಚ್ಚಿ ವಿನಯ ಕಲಿಯುತ್ತಿದ್ದರು. ಮನೆಯಲ್ಲಿ ಟೀವಿ ನೋಡುವಾಗ ಪರದೆಯ ಮೇಲೆ ಕಾರು ಓಡಿದರೂ ಸಾಕು, ಮಾಸ್ತರ ಬಲಗಾಲು ತಾನೇ ಚಾಚಿಕೊಂಡು ನೆಲ ಒತ್ತುತ್ತಿತ್ತು. ಸೋಫಾದ ಮುಂದಿನ ಚಾಪೆ ಆ ಜಾಗದಲ್ಲಿ ಸವೆದು ಹೋಗಿತ್ತು. ಆದರೂ ಕೆಲಸದಲ್ಲಿ ಪಳಗಿದ ಮನುಷ್ಯ. ಅವರ ಹತ್ತಿರ ಕಲಿತವರು ಪರೀಕ್ಷೆಯಲ್ಲಿ ನಪಾಸಾದದ್ದು ಅಪರೂಪ.

ಊರ ಹೊರಗೆ ದೊಡ್ಡ ಕಣ್ಣಿನ ಆಸ್ಪತ್ರೆ ತೆರೆಯಿತು. ಅಲ್ಲಿಗೆ ಹೊರದೇಶದ ಡಾಕ್ಟರುಗಳು ಬಂದರು. ಅವರಿಗೆಲ್ಲ ಇಲ್ಲಿನ ಲೈಸೆನ್ಸ್ ಬೇಕಿತ್ತು. ಸ್ಕೂಲಿನ ಯಜಮಾನರು ಒಂದು ಬೆಳಿಗ್ಗೆ ಮಾಸ್ತರುಗಳನ್ನೆಲ್ಲ ಕರೆದು ಕೇಳಿದರು.

"ಇಂಗ್ಲಿಷಲ್ಲಿ ಕಲಿಸೋರು ಯಾರಿದ್ದೀರಿ?"

ಉಳಿದಿಬ್ಬರು ಮಾಸ್ತರುಗಳು ತಟ್ಟನೆ ಷೂ ಲೇಸು ಕಟ್ಟಿಕೊಳ್ಳಲು ಬಗ್ಗಿದರು. ಅವರಲ್ಲೊಬ್ಬರು ಚಪ್ಪಲಿ ಹಾಕಿದ್ದರು. ಬ್ರೇಕ್ ಮಾಸ್ತರು ಮಾತ್ರ ಹಿಂದೆ ಮುಂದೆ ನೋಡದೆ ಕೈ ಎತ್ತಿದರು.

"ನಿಮಗೆ ಇಂಗ್ಲಿಷ್ ಎಲ್ಲಿ ಬರುತ್ರೀ?" ಎಂದು ಸಂಜೆ ಹೆಂಡತಿ ಕೇಳಿದಳು.

"ಯಾಕೆ ಬರಲ್ಲ? ಕ್ಲಚ್ಚು ಇಂಗ್ಲಿಷು. ಗೇರು ಇಂಗ್ಲಿಷು. ಬ್ರೇಕು, ಹಾರನ್ನು, ಲೆಫ್ಟು, ರೈಟು, ರಿವರ್ಸು, ಎಲ್ಲಾ ಇಂಗ್ಲಿಷೇ. ಇನ್ನೇನು ಉಳೀತು?"

"ಮಧ್ಯದ್ದು" ಎಂದಳು ಹೆಂಡತಿ.

ಮಧ್ಯದ್ದನ್ನು ಕಲಿಸಬಲ್ಲವಳು ಮಹಡಿ ಮೇಲೇ ಇದ್ದಳು. ಹೆಂಡತಿಯ ತಂಗಿ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಆದರೆ ಭಾವನಿಗೂ ನಾದಿನಿಗೂ ಅಷ್ಟಕ್ಕಷ್ಟೇ. ಒಂದು ಕಾಲಕ್ಕೆ ಅವಳು ಭಾವನ ಹತ್ತಿರವೇ ಕಾರು ಕಲಿಯಲು ಹೋಗಿ, ಅವರ ಕೂಗಾಟ ತಾಳಲಾರದೆ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಬಾಗಿಲು ತೆಗೆದು ಇಳಿದು ಮನೆಗೆ ನಡೆದೇ ಬಂದಿದ್ದಳು. ಹಿಂದೆ ನಿಂತ ಬಸ್ಸಿನವನು ಹಾರನ್ ಬಾರಿಸುತ್ತಿದ್ದ. ಆಮೇಲೆ ಇಬ್ಬರ ನಡುವೆ ಮಾತೆಂದರೆ ಚುಚ್ಚುಮಾತೇ.

"ನಾನು ಅವಳ ಮುಂದೆ ಕೈಕಟ್ಟಿ ಕೂರೋದಾ?" ಎಂದರು ಮಾಸ್ತರು.

"ಕೈಕಟ್ಟಬೇಡಿ, ಪೆನ್ನು ಹಿಡೀರಿ. ನಿಮ್ಮ ಮೊಂಡುತನ ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿ" ಎಂದು ಹೆಂಡತಿ ಅವರನ್ನು ಮೇಲಕ್ಕೆ ಅಟ್ಟಿದಳು.

ನಾದಿನಿ ಕನ್ನಡಕ ಸರಿಮಾಡಿಕೊಂಡು, ಅಡಿಕೋಲು ಎದುರಿಗಿಟ್ಟುಕೊಂಡು, ಸಿಕ್ಕ ಶಿಕಾರಿಯನ್ನು ನೋಡುವ ಹಾಗೆ ಭಾವನನ್ನು ನೋಡಿದಳು. ಸುಲಭದ್ದೆಲ್ಲ ಬೇಗ ಮುಗಿಯಿತು. ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ.

"ನೋಡಿ ಭಾವ, ಒಂದು ಕ್ರಿಯಾಪದದ ಬಾಲಕ್ಕೆ ಇನ್ನೊಂದು ಬಂದ್ರೆ ಹಾಗೇ ಅಂಟಿಸೋ ಹಾಗಿಲ್ಲ. ಕೆಲವಕ್ಕೆ ನಡುವೆ ಟು ಬೇಕು. ವಾಂಟ್ ಟು ಗೋ, ಡಿಸೈಡ್ ಟು ಗೋ. ಕೆಲವಕ್ಕೆ ಕೊನೇಲಿ ಇಂಗ್ ಬೇಕು. ಎಂಜಾಯ್ ಗೋಯಿಂಗ್, ಫಿನಿಷ್ ಗೋಯಿಂಗ್."

"ಯಾವುದಕ್ಕೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಬಾಯಿಪಾಠ."

"ರೂಲ್ಸು ಇಲ್ವಾ?"

"ಇಲ್ಲ."

"ಬೋರ್ಡೇ ಹಾಕದೆ ಒನ್ ವೇ ಮಾಡಿದ್ದಾರೆ ಅನ್ನು" ಎಂದು ಮಾಸ್ತರು ನಿಟ್ಟುಸಿರು ಬಿಟ್ಟರು.

ಬಾಯಿಪಾಠ ಅವರ ಜಾಯಮಾನವಲ್ಲ. ಸ್ಟಿಯರಿಂಗ್ ಯಾಕೆ ತಿರುಗುತ್ತದೆ ಎಂದು ತಿಳಿಯದೆ ತಿರುಗಿಸಿದವರಲ್ಲ ಅವರು. ಮಾರನೆಯ ದಿನ ಹಲ್ಲುಜ್ಜುತ್ತ ಉಜ್ಜುತ್ತ ಒಂದು ಉಪಾಯ ಹೊಳೆದು, ಬಾಯಲ್ಲಿ ನೊರೆ ಇಟ್ಟುಕೊಂಡೇ ಮಹಡಿ ಹತ್ತಿದರು.

"ಸಿಕ್ತು! ಇನ್ನೂ ಆಗದೇ ಇರೋದು ಮುಂದಿನ ಗಾಜಲ್ಲಿ ಕಾಣೋದು. ಬೇಕು, ಹೋಗ್ಬೇಕು, ಮಾಡ್ಬೇಕು, ಅದೆಲ್ಲಾ ಟು. ಆಗಿ ಹೋಗಿದ್ದು ಹಿಂದಿನ ಕನ್ನಡೀಲಿ ಕಾಣೋದು. ಮುಗಿಸಿದೆ, ಅನುಭವಿಸಿದೆ, ಅದೆಲ್ಲಾ ಇಂಗ್. ಹೇಗೆ?"

ನಾದಿನಿ ಒಂದು ಕ್ಷಣ ನಿಜಕ್ಕೂ ಬೆರಗಾದಳು. ಆದರೆ ಭಾವನ ಮುಖದ ಮೇಲಿನ ಗೆಲುವು ನೋಡಿ ಸುಮ್ಮನಿರಲಾಗಲಿಲ್ಲ.

"ಸಜೆಸ್ಟ್ ಅಂದ್ರೆ? ನಾಳೆ ಸಿನಿಮಾಕ್ಕೆ ಹೋಗೋಣ ಅಂತ ಸೂಚಿಸೋದು?"

"ನಾಳೆದು ತಾನೇ, ಮುಂದಿನ ಗಾಜು. ಟು."

"ತಪ್ಪು. ಸಜೆಸ್ಟ್ ಗೋಯಿಂಗ್" ಎಂದು ಅಡಿಕೋಲಿನಿಂದ ಮೇಜಿಗೆ ಫಟ್ಟನೆ ಬಡಿದಳು.

ಮಾಸ್ತರು ಬೆಚ್ಚಿದರು. ಅವಳು ಬಿಡಲಿಲ್ಲ. "ಅವಾಯ್ಡ್?" ಫಟ್. "ಪ್ರಾಮಿಸ್?" ಫಟ್. ಮೂರನೆಯ ಏಟಿಗೆ ಅವರ ತಲೆಯಲ್ಲಿದ್ದ ಟು ಇಂಗ್ ಎರಡೂ ಖಾಲಿಯಾದವು.

"ಹೀಗೆ ಬಡಿದ್ರೆ ಬಂದಿದ್ದೂ ಮರೆತು ಹೋಗುತ್ತೆ ಕಣೇ!"

"ಹೌದಾ ಭಾವ? ನಂಗೂ ಕಾರಲ್ಲಿ ಹಾಗೇ ಆಗಿತ್ತು."

ಮಾಸ್ತರು ಗಂಟಲು ಸರಿಮಾಡಿಕೊಂಡರು. "ಆವತ್ತು ಸ್ವಲ್ಪ ಜೋರಾಗಿ ಕೂಗಿದೆ ಅನ್ಸುತ್ತೆ."

"ಸ್ವಲ್ಪ?"

"ಸರಿ, ಬೀದಿಗೆಲ್ಲಾ ಕೇಳೋ ಹಾಗೆ ಕೂಗಿದೆ. ಸಾಕಾ?"

ನಾದಿನಿ ಅಡಿಕೋಲನ್ನು ಡ್ರಾಯರಿನೊಳಗೆ ಇಟ್ಟಳು. ಅಲ್ಲಿಂದ ಮುಂದೆ ಪಾಠ ಒಂದು ಹದಕ್ಕೆ ಬಂತು. ಮಾಸ್ತರು ಮೆಟ್ಟಿಲಿಳಿಯುವಾಗಲೂ "ಹೋಪ್ ಟು, ಕೀಪ್ ಇಂಗ್" ಎಂದು ಗೊಣಗುತ್ತಿದ್ದರು. ಕೊನೆಗೆ, ಎರಡೂ ಹಿಡಿಸುವ, ಆದರೆ ಅರ್ಥ ಬೇರೆಯಾಗುವ ಪದಗಳಿವೆ, ಸ್ಟಾಪ್, ರಿಮೆಂಬರ್ ಅಂಥವು, ಅವನ್ನು ಮುಂದಿನ ವಾರ ಮಾಡೋಣ ಎಂದು ನಾದಿನಿ ಹೇಳಿದಳು. ಮುಂದಿನ ವಾರ ಶಾಲೆಯಲ್ಲಿ ಪರೀಕ್ಷೆ ಬಂತು. ಪಾಠ ಅಲ್ಲಿಗೇ ನಿಂತಿತು. ಕಾರು ಕಲಿಯಬೇಕಿದ್ದ ಡಾಕ್ಟರಮ್ಮ ಮಾತ್ರ ಬಂದೇಬಿಟ್ಟಳು.

ಆಳೆತ್ತರದ ಹೆಂಗಸು, ಸೀಟು ಎಷ್ಟು ಹಿಂದೆ ಸರಿಸಿದರೂ ಮೊಣಕಾಲು ಸ್ಟಿಯರಿಂಗಿಗೆ ತಗಲುತ್ತಿತ್ತು. ಬಹಳ ಮರ್ಯಾದಸ್ಥೆ. ಇಂಗ್ಲಿಷು ಅವಳಿಗೂ ತಾಯಿಮಾತಲ್ಲ. ಶಾಲೆಯಲ್ಲಿ ವ್ಯಾಕರಣದ ಪುಸ್ತಕ ಹಿಡಿದು ಗಟ್ಟಿಮಾಡಿ ಕಲಿತವಳು. ಹಾಗಾಗಿ ಯಾರಾದರೂ ಒಂದು ವಾಕ್ಯ ಹೇಳಿದರೆ, ಹೇಳಿದವರ ಮುಖ ನೋಡಿ ಅರ್ಥ ಊಹಿಸುವ ಅಭ್ಯಾಸ ಅವಳಿಗಿರಲಿಲ್ಲ. ವಾಕ್ಯದಲ್ಲಿ ಏನಿದೆಯೋ ಅಷ್ಟು.

ಮೊದಲ ದಿನ ಚಾಲಕರ ಸೀಟಿನಲ್ಲಿ ಕೂತ ಕೂಡಲೇ ಮಾಸ್ತರು ಕೈಯೆತ್ತಿ, "ಮೇಡಂ, ರಿಮೆಂಬರ್ ವೇರಿಂಗ್ ಬೆಲ್ಟ್" ಎಂದರು.

ಬೆಲ್ಟು ಹಾಕಿಕೊಳ್ಳಲು ಮರೆಯಬೇಡಿ ಎಂದು ಅವರ ಅಭಿಪ್ರಾಯ. ಬೆಲ್ಟು ಹಾಕಿಕೊಂಡದ್ದು ನೆನಪಿದೆಯೇ ಎಂದು ಅವಳ ಕಿವಿಗೆ ಬಿದ್ದದ್ದು. ಅವಳು ಯೋಚಿಸಿ, ಹೌದು, ನಿನ್ನೆ ಟ್ಯಾಕ್ಸಿಯಲ್ಲಿ ಹಾಕಿಕೊಂಡಿದ್ದೆ, ಚೆನ್ನಾಗಿ ನೆನಪಿದೆ ಎಂದು ನಕ್ಕು, ಬೆಲ್ಟಿಲ್ಲದೆ ಕೂತಳು. ಮಾಸ್ತರು ತಾವೇ ಬಗ್ಗಿ ಎಳೆದು ಹಾಕಿದರು. ಹೊರದೇಶದವರಿಗೆ ತಿಳಿವಳಿಕೆ ಸ್ವಲ್ಪ ನಿಧಾನ ಎಂದುಕೊಂಡರು.

ಅದಾದ ಮೇಲಿನ ವಾರ, ಗಡಿಯಾರದ ಅಂಗಡಿ ಇರುವ ನಾಲ್ಕುರಸ್ತೆ. ಎಡಗಡೆಯಿಂದ ಬರುವ ಗಾಡಿಗಳು ಮೂಲೆಮನೆಯ ಗೋಡೆಯಿಂದಾಗಿ ಕೊನೆಯ ಗಳಿಗೆಯವರೆಗೂ ಕಾಣುವುದಿಲ್ಲ. ಅಲ್ಲಿ ನಿಂತು ನೋಡಿಯೇ ಹೋಗಬೇಕು. ಡಾಕ್ಟರಮ್ಮ ಆಗಲೇ ಕಾರು ನಿಧಾನ ಮಾಡಿ ಎಡಕ್ಕೆ ಕತ್ತು ತಿರುಗಿಸಿದ್ದಳು. ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗುತ್ತಿತ್ತು. ಮಾಸ್ತರು ಸುಮ್ಮನಿರುವವರೇ?

"ಮೇಡಂ! ಸ್ಟಾಪ್ ಲುಕಿಂಗ್ ಲೆಫ್ಟ್!"

ಆಕೆ "ಯೆಸ್ ಸರ್" ಎಂದು ತಕ್ಷಣ ಎಡಗಡೆ ನೋಡುವುದನ್ನು ನಿಲ್ಲಿಸಿದಳು. ಕತ್ತು ನೆಟ್ಟಗೆ ಮಾಡಿಕೊಂಡು ಮುಂದಕ್ಕೆ ಹೊರಟಳು.

ಅದೇ ಹೊತ್ತಿಗೆ ಎಡಗಡೆಯಿಂದ ಹಾಸಿಗೆ ಅಂಗಡಿಯ ಗಾಡಿ ಬಂತು. ಮಾಸ್ತರ ಕಾಲು ಜೀವಮಾನದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಬ್ರೇಕಿನ ಮೇಲೆ ಬಿತ್ತು. ಕಾರು ಗಕ್ಕನೆ ನಿಂತಿತು. ಗಾಡಿಯವನು ಹೆದರಿ ಒಂದು ಕಡೆಗೆ ಎಳೆದುಕೊಂಡ. ಕಟ್ಟಿದ ಹಗ್ಗ ಸಡಿಲಾಗಿ ಮೇಲಿನ ಡಬಲ್ ಹಾಸಿಗೆ ಮೆಲ್ಲಗೆ ಜಾರಿ ಕಾರಿನ ಬಾನೆಟ್ ಮೇಲೆ ಬಂದು ಮಲಗಿತು. ಯಾರಿಗೂ ಏನೂ ಆಗಲಿಲ್ಲ. ಗಾಡಿಯವನು ಮಾತ್ರ ಇಳಿದು ಬಂದು, ಗಾಜಿನೊಳಗೆ ಇಣುಕಿ, "ಸ್ವಾಮೀ, ಹಾಸಿಗೆ ಬೇಕಿದ್ರೆ ಅಂಗಡಿಗೆ ಬನ್ನಿ" ಎಂದ.

"ಯೂ ಟೋಲ್ಡ್ ಮಿ ಟು ಸ್ಟಾಪ್ ಲುಕಿಂಗ್" ಎಂದು ಡಾಕ್ಟರಮ್ಮ ಹೇಳಿದಳು.

"ಯೆಸ್, ಯೆಸ್! ಸ್ಟಾಪ್ ಲುಕಿಂಗ್!" ಎಂದು ಮಾಸ್ತರು ತೊಡೆ ತಟ್ಟಿಕೊಂಡರು.

ಇಬ್ಬರೂ ಒಂದೇ ಮಾತು ಹೇಳಿದರು. ನಿಂತು ಎಡಕ್ಕೆ ನೋಡಿ ಎಂದು ತಾವು ಹೇಳಿದ್ದನ್ನೇ ಮಾಡಲಿಲ್ಲವಲ್ಲ ಎಂದು ಇವರಿಗೆ ಸಂಕಟ. ಹೇಳಿದ್ದನ್ನು ಮಾಡಿದರೂ ಹೀಗಾಯಿತಲ್ಲ ಎಂದು ಅವಳಿಗೆ.

ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಬ್ಬರೂ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತರು. ಗಾಬರಿಗೆ ಮಾಸ್ತರ ಕೈಯಲ್ಲಿ ಲೋಟ ನಡುಗುತ್ತಿತ್ತು. ರಸ್ತೆಯ ಧೂಳಿಗೆ ಅವರ ಕಣ್ಣು ಯಾವಾಗಲೂ ಸ್ವಲ್ಪ ಕೆಂಪು. ಡಾಕ್ಟರಮ್ಮ ಕೈಯನ್ನು ನೋಡಿದಳು, ಕಣ್ಣನ್ನು ನೋಡಿದಳು. ಎಡಕ್ಕೆ ನೋಡಬೇಡ ಎಂದ ಮನುಷ್ಯನ ಬಗ್ಗೆ ಅವಳಿಗೆ ಮೊದಲೇ ಅನುಮಾನ ಹುಟ್ಟಿತ್ತು. ಬಹಳ ಮೃದುವಾಗಿ, ತಪ್ಪು ತಿಳಿಯಬೇಡಿ, ನೀವು ಕುಡಿಯುತ್ತೀರಾ ಎಂದು ಕೇಳಿದಳು.

ಮಾಸ್ತರಿಗೆ ಎದೆಯುಬ್ಬಿತು. ಇದು ಅವರ ಬಾಳಿನ ಹೆಮ್ಮೆಯ ವಿಷಯ. ವಯಸ್ಸಿನಲ್ಲಿ ಅವರು ಕುಡಿಯುತ್ತಿದ್ದದ್ದು ನಿಜ. ಮಗಳು ಹುಟ್ಟಿ, ಆಸ್ಪತ್ರೆಯಿಂದ ಮನೆಗೆ ಬಂದ ದಿನ ಇವರು ಮಗುವಿಗೆ ಕೈಚಾಚಿದಾಗ, ಹೆಂಡತಿ ಮೂಗು ಮುಚ್ಚಿಕೊಂಡು ಮಗುವನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಿದ್ದಳು. ಆವತ್ತಿನಿಂದ ಒಂದು ಹನಿ ಮುಟ್ಟಿದವರಲ್ಲ. ಈಗ ಆ ಮಗಳಿಗೆ ಮದುವೆಯೂ ಆಗಿದೆ.

"ನೋ ಮೇಡಂ!" ಎಂದರು ಮಾಸ್ತರು. "ಐ ಸ್ಟಾಪ್ಡ್ ಟು ಡ್ರಿಂಕ್!"

ಆಕೆ ಹುಬ್ಬು ಗಂಟಿಕ್ಕಿದಳು. ಕುಡಿಯುವುದಕ್ಕೆಂದು ನಿಂತೆ ಎನ್ನುತ್ತಾನಲ್ಲ, ಎಲ್ಲಿ ನಿಂತ, ಯಾವಾಗ? "ಟುಡೇ?" ಎಂದು ಕೇಳಿದಳು.

ಇವತ್ತಿಗೂ ಹಾಗೆಯೇ ಇದ್ದೀರಾ ಎಂದು ಕೇಳುತ್ತಿದ್ದಾಳೆಂದು ಮಾಸ್ತರು ತಿಳಿದರು. "ಟುಡೇ ಆಲ್ಸೋ! ಎವೆರಿ ಡೇ!"

"ಬಿಫೋರ್ ದ ಕ್ಲಾಸ್?"

"ಬಿಫೋರ್ ಕ್ಲಾಸ್, ಆಫ್ಟರ್ ಕ್ಲಾಸ್, ಆಲ್ವೇಸ್!"

ಹೆಂಡತಿಗೆ ಇದು ಗೊತ್ತೇ ಎಂದು ಆಕೆ ಕೇಳಿದಾಗ ಮಾಸ್ತರ ಕಣ್ಣಲ್ಲಿ ನೀರೇ ಬಂತು. "ಮೈ ವೈಫ್ ಹೆಲ್ಪ್ಡ್ ಮಿ ವೆರಿ ಮಚ್" ಎಂದರು.

ಡಾಕ್ಟರಮ್ಮ ಅವರ ರೆಪ್ಪೆ ಎಳೆದು ನೋಡಿದಳು. ನಾಲಗೆ ಚಾಚಿಸಿದಳು. ಇಷ್ಟು ಧೈರ್ಯವಾಗಿ ಹೇಳಿಕೊಂಡಿರಲ್ಲ ಎಂದು ಕೈ ತಟ್ಟಿದಳು. ಎಂಥ ದೊಡ್ಡ ಮನಸ್ಸು, ಕೇಳದೆಯೇ ತಪಾಸಣೆ ಮಾಡಿದಳಲ್ಲ ಎಂದು ಮಾಸ್ತರು ಮನೆಗೆ ಹಾಡು ಗುನುಗುತ್ತ ಬಂದರು.

ಮಾರನೆಯ ಬೆಳಿಗ್ಗೆ ಯಜಮಾನರು ಕೋಣೆಗೆ ಕರೆದು ಬಾಗಿಲು ಹಾಕಿದರು. ಮೂಗನ್ನು ಮಾಸ್ತರ ಮೂಗಿನ ಹತ್ತಿರಕ್ಕೆ ತಂದರು.

"ಊದಿ."

"ಏನನ್ನ?"

"ಉಸಿರನ್ನ ಮಾಸ್ತರೇ, ಇನ್ನೇನು ಕೊಳಲನ್ನಾ? ಡಾಕ್ಟರಮ್ಮ ಫೋನ್ ಮಾಡಿದ್ರು. ನೀವು ದಿನಾ ಕುಡೀತೀರಂತೆ, ಕ್ಲಾಸಿಗೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ. ಕೆಲಸದಿಂದ ತೆಗೀಬೇಡಿ, ಅದೊಂದು ಕಾಯಿಲೆ, ವಾಸಿ ಮಾಡಬಹುದು ಅಂದ್ರು ಪಾಪ. ಕಾರಿನ ಕೀ ಇಲ್ಲಿ ಇಡಿ."

"ಯಜಮಾನರೇ, ನಾನು ಬಿಟ್ಟಿದ್ದೀನಿ ಅಂತ ಹೇಳಿದ್ದು!"

"ಎಲ್ಲಾ ಕುಡುಕರೂ ಹಾಗೇ ಹೇಳೋದು."

ಮಾಸ್ತರು ಬರಿಗೈಯಲ್ಲಿ ಮನೆಗೆ ಬರುವಷ್ಟರಲ್ಲಿ ಯಜಮಾನರು, ಒಳ್ಳೆಯದನ್ನು ಮಾಡುವ ಉತ್ಸಾಹದಲ್ಲಿ, ಅವರ ಹೆಂಡತಿಗೂ ಫೋನ್ ಮಾಡಿಯಾಗಿತ್ತು. "ಅಲ್ಲಮ್ಮಾ, ಹೆಂಡತಿಯಾಗಿ ನೀವೇ ಕುಡಿಯೋದಕ್ಕೆ ಸಹಾಯ ಮಾಡಿದ್ರೆ ಹೇಗೆ?" ಎಂದು ಕೇಳಿದ್ದರು.

ಮನೆಯಲ್ಲಿ ಬೀರುವಿನ ಬಟ್ಟೆಯೆಲ್ಲ ನೆಲದ ಮೇಲಿತ್ತು. ಷೂಗಳನ್ನು ತಲೆಕೆಳಗು ಮಾಡಿ ಕೊಡವಿಯಾಗಿತ್ತು. ಹೆಂಡತಿ ನಡುಮನೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಎಲ್ಲಿಟ್ಟಿದ್ದೀರಿ?"

"ಏನನ್ನೇ?"

"ಬಾಟ್ಲಿ! ನಾನು ಸಹಾಯ ಬೇರೆ ಮಾಡ್ತೀನಂತೆ! ಏನು, ಲೋಟ ತೊಳೆದು ಕೊಡ್ತೀನಾ?"

"ಮಗಳ ಆಣೆಗೂ ಇಲ್ಲ ಕಣೇ."

"ಅವಳ ಹೆಸರು ಎತ್ತಬೇಡಿ" ಎಂದಳು ಹೆಂಡತಿ. ದನಿ ಇಳಿದುಹೋಗಿತ್ತು. "ನೀವು ಕುಡಿಯೋದು ಬಿಟ್ಟ ಮೇಲೆ ಮಗೂನ ನಿಮ್ಮ ಕೈಗೆ ಕೊಟ್ಟಾಗ ಇನ್ನು ಮೇಲೆ ನಂಬ್ತೀನಿ ಅಂತಲೇ ಕೊಟ್ಟಿದ್ದು."

ಮಾಸ್ತರು ಸೋಫಾದ ಅಂಚಿನಲ್ಲಿ ಕುಸಿದರು. ಯಜಮಾನರು ಮೂಸಿ ನೋಡಿದ್ದನ್ನು ಸಹಿಸಿಕೊಂಡಿದ್ದರು. ಇದನ್ನು ಸಹಿಸಲಾಗಲಿಲ್ಲ.

ಗದ್ದಲ ಕೇಳಿ ನಾದಿನಿ ಮಹಡಿಯಿಂದ ಇಳಿದು ಬಂದಳು. ಅಕ್ಕನ ಮಾತು ಕೇಳಿದಳು, ಭಾವನ ಮುಖ ನೋಡಿದಳು. ಈ ಮುಖ ಸುಳ್ಳು ಹೇಳುವ ಮುಖವಲ್ಲ ಎಂದು ಅವಳಿಗೆ ಅನಿಸಿತು.

"ಅಕ್ಕ, ಒಂದ್ನಿಮಿಷ ಸುಮ್ನಿರು. ಭಾವ, ಡಾಕ್ಟರ ಹತ್ರ ನೀವು ಏನಂದ್ರಿ? ನಮ್ಮ ಮಾತಲ್ಲಿ ಬೇಡ, ಅಲ್ಲಿ ಹೇಳಿದ ಹಾಗೇ ಹೇಳಿ."

"ಐ ಸ್ಟಾಪ್ಡ್ ಟು ಡ್ರಿಂಕ್ ಅಂದೆ. ಟು ಸೇರಿಸಿಯೇ ಅಂದೆ. ನೀನು ಕಲಿಸಿದ್ದು ತಾನೇ?"

ನಾದಿನಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಕನ್ನಡಕ ತೆಗೆದಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಬೇರೆ ಯಾರೂ ನಗಲಿಲ್ಲ.

"ಭಾವ, ಸ್ಟಾಪ್ಡ್ ಡ್ರಿಂಕಿಂಗ್ ಅಂದ್ರೆ ಕುಡಿಯೋದನ್ನ ನಿಲ್ಲಿಸಿದೆ. ಸ್ಟಾಪ್ಡ್ ಟು ಡ್ರಿಂಕ್ ಅಂದ್ರೆ ಹೋಗ್ತಾ ಇದ್ದೋನು ಕುಡಿಯೋದಕ್ಕೆ ಅಂತ ನಿಂತೆ."

ಮಾಸ್ತರು ಲೆಕ್ಕ ಹಾಕತೊಡಗಿದರು. ಮುಖದ ಬಣ್ಣ ಇಳಿಯುತ್ತ ಹೋಯಿತು. "ಟುಡೇ ಆಲ್ಸೋ ಅಂದೆ... ಎವೆರಿ ಡೇ ಅಂದೆ... ಅಯ್ಯೋ, ಬಿಫೋರ್ ಕ್ಲಾಸ್ ಬೇರೆ ಅಂದೆ!"

"ಅಕ್ಕ ಸಹಾಯ ಮಾಡಿದ್ಲು ಅಂತಲೂ ಅಂದ್ರಿ."

"ಹಾಗಾದ್ರೆ ಆ ಸ್ಟಾಪ್ ಲುಕಿಂಗು?"

"ಅದೇನದು?"

ಹಾಸಿಗೆಯ ಕಥೆ ಕೇಳಿ ನಾದಿನಿಗೆ ಮತ್ತೆ ಮೆಟ್ಟಿಲು ಹಿಡಿದುಕೊಳ್ಳಬೇಕಾಯಿತು. ಈ ಸಲ ಹೆಂಡತಿಯೂ ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಕಣ್ಣೊತ್ತಿಕೊಂಡಳು, ಕೊನೆಗೆ ನೆಲದ ಮೇಲಿದ್ದ ಒಂದು ಷೂ ಎತ್ತಿ ಗಂಡನ ಕಡೆ ಎಸೆದಳು. "ಒಂದು ಇಂಗಿಗೋಸ್ಕರ ನನ್ನ ಜೀವ ತೆಗೆದ್ರಲ್ರೀ!"

"ತಪ್ಪು ನಂದೂ ಇದೆ ಅಕ್ಕ. ಆ ಪಾಠ ಅರ್ಧಕ್ಕೆ ಬಿಟ್ಟಿದ್ದು ನಾನೇ" ಎಂದು ನಾದಿನಿ ಫೋನ್ ತೆಗೆದುಕೊಂಡಳು.

ಅತ್ತ ಡಾಕ್ಟರಮ್ಮ ಮೊದಲು ನಂಬಲಿಲ್ಲ. ಮನೆಯವರು ಮುಚ್ಚಿಹಾಕುತ್ತಿದ್ದಾರೆ ಎಂದುಕೊಂಡಳು. ನಾದಿನಿ ಸ್ಟಾಪ್ ಲುಕಿಂಗಿನ ಉದಾಹರಣೆ ಕೊಟ್ಟ ಮೇಲೆ ಫೋನಿನಲ್ಲಿ "ಓ!" ಎಂಬ ಒಂದು ಉದ್ದ ಉದ್ಗಾರ ಬಂತು. ಸಂಜೆ ಅವಳೇ ಮನೆಗೆ ಬಂದಳು, ಕೈಯಲ್ಲಿ ಹೂಗುಚ್ಛ, ಮುಖದಲ್ಲಿ ನಾಚಿಕೆ.

ನಾದಿನಿ ಮಧ್ಯದಲ್ಲಿ ನಿಂತು ಭಾಷಾಂತರ ಮಾಡಲು ಸಿದ್ಧಳಾದಳು. ಹೆಂಡತಿ ಅವಳನ್ನು ಪಕ್ಕಕ್ಕೆ ಸರಿಸಿದಳು. ಇಂಗ್ಲಿಷಿನ ಒಂದಕ್ಷರ ಬಾರದ ಅವಳು ಡಾಕ್ಟರಮ್ಮನನ್ನು ಕೈಹಿಡಿದು ಸೋಫಾದ ಮೇಲೆ ಕೂರಿಸಿದಳು. ಗಂಡನ ಕಡೆ ಬೆರಳು ತೋರಿಸಿದಳು. ಬಾಟಲಿ ಎತ್ತಿ ಬಾಯಿಗೆ ಹಿಡಿದ ಹಾಗೆ ಮಾಡಿದಳು. ಮೂಗು ಮುಚ್ಚಿಕೊಂಡಳು. ಆಮೇಲೆ ತೋಳೆರಡನ್ನೂ ತೊಟ್ಟಿಲು ಮಾಡಿ, ಕಾಣದ ಮಗುವನ್ನು ತೂಗಿದಳು. ಕಾಣದ ಬಾಟಲಿಯನ್ನು ಕಿಟಕಿಯಾಚೆ ಎಸೆದಳು. ಮಗುವನ್ನು ಮೆಲ್ಲಗೆ ಎತ್ತಿ ಗಂಡನ ಕೈಗೆ ಕೊಟ್ಟಳು. ಮಾಸ್ತರು ಗೊತ್ತಿಲ್ಲದೆಯೇ ಎರಡೂ ಕೈ ಒಡ್ಡಿದರು.

ಡಾಕ್ಟರಮ್ಮ ಮೂಗು ಒರೆಸಿಕೊಂಡು ತಲೆಯಾಡಿಸಿದಳು. ನಾದಿನಿಗೆ ಹೇಳಲು ಏನೂ ಉಳಿದಿರಲಿಲ್ಲ. ಟೀ ತರಲು ಒಳಗೆ ಹೋದಳು.

ಯಜಮಾನರು ಕೀ ವಾಪಸು ಕೊಟ್ಟರು. ಆದರೆ ಒಂದು ಷರತ್ತು: ಮಾಸ್ತರ ಇಂಗ್ಲಿಷ್ ಒಂದು ಹಂತಕ್ಕೆ ಬರುವ ತನಕ ಹಿಂದಿನ ಸೀಟಿನಲ್ಲಿ ನಾದಿನಿ ಕೂರಬೇಕು. ಹಾಗೆ ಕೆಲವು ವಾರ ಸಂಜೆ ಹೊತ್ತು ಆ ಕಾರಿನಲ್ಲಿ ಮುಂದೆ ಒಬ್ಬ ಮಾಸ್ತರು, ಹಿಂದೆ ಒಬ್ಬ ಟೀಚರು, ನಡುವೆ ಸಿಕ್ಕಿಕೊಂಡ ಒಬ್ಬ ಡಾಕ್ಟರು. ಮಾಸ್ತರು ಬ್ರೇಕ್ ಒತ್ತುವ ಮುನ್ನ ಹಿಂದಿನಿಂದ "ಟು, ಭಾವ, ಟು!" ಎಂಬ ಕೂಗು ಬರುತ್ತಿತ್ತು. ಮಾಸ್ತರು ತಿದ್ದಿಕೊಂಡು ಹೇಳುವಷ್ಟರಲ್ಲಿ ಡಾಕ್ಟರಮ್ಮ ಮಾಡಬೇಕಾದದ್ದನ್ನು ಮಾಡಿ ಮುಗಿಸಿರುತ್ತಿದ್ದಳು. ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದಳು. ಆ ಹೊತ್ತಿಗೆ ಮಾಸ್ತರ ಬಾಯಲ್ಲಿ ಸ್ಟಾಪ್ ಟು, ಸ್ಟಾಪ್ ಇಂಗ್, ಎರಡೂ ತಮ್ಮ ತಮ್ಮ ಜಾಗದಲ್ಲಿ ಭದ್ರವಾಗಿ ಕೂತಿದ್ದವು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪುತ್ತಿರಲಿಲ್ಲ.

ಮುಂದಿನ ತಿಂಗಳು ಆಸ್ಪತ್ರೆಯಿಂದ ಇನ್ನೊಬ್ಬರು ಬಂದರು. ಯಂತ್ರಗಳನ್ನು ಕೂರಿಸಲು ಇನ್ಯಾವುದೋ ದೇಶದಿಂದ ಬಂದ ಎಂಜಿನಿಯರು, ದುಂಡು ಮುಖದ ನಗುಮುಖದ ಮನುಷ್ಯ. ನಾದಿನಿ ಬರುವ ಅಗತ್ಯವಿರಲಿಲ್ಲ. ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾರಿನಲ್ಲಿ ಕೂತು, ವಾರಗಟ್ಟಲೆ ತಿದ್ದಿ ತೀಡಿದ ಇಂಗ್ಲಿಷನ್ನು ಹೊರತೆಗೆದರು.

"ಸರ್, ಬಿಫೋರ್ ಯೂ ಡಿಸೈಡ್ ಟು ಟರ್ನ್, ಐ ಸಜೆಸ್ಟ್ ಚೆಕಿಂಗ್ ಬೋತ್ ಸೈಡ್ಸ್."

ಒಂದು ಟು, ಒಂದು ಇಂಗ್, ಒಂದೇ ವಾಕ್ಯದಲ್ಲಿ, ಎರಡೂ ಸರಿ. ನಾದಿನಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದಳು.

ಎಂಜಿನಿಯರು ನಕ್ಕ. "ಥ್ಯಾಂಕ್ಯೂ" ಎಂದ. ಕಾರು ಆಫ್ ಮಾಡಿದ.

ಆತನಿಗೆ ಬರುತ್ತಿದ್ದ ಇಂಗ್ಲಿಷು ಅದೊಂದೇ ಮಾತು ಎಂಬುದು ಮಾಸ್ತರಿಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರಿಗೆ ಬಂದ ದುಃಖ ಅಷ್ಟಿಷ್ಟಲ್ಲ. ಇಷ್ಟು ಪಾಡುಪಟ್ಟು ಕಲಿತದ್ದನ್ನು ಇನ್ನು ಯಾರ ಮುಂದೆ ಆಡುವುದು? ಕೈ ತೋರಿಸಿ ಕಲಿಸಬಹುದಿತ್ತು. ಕಲಿಸಿದರು ಕೂಡ. ಆದರೆ ಬಾಯಿ ಸುಮ್ಮನಿರಲು ಒಪ್ಪಲಿಲ್ಲ. ಕೈ ಎಡಕ್ಕೆ ತೋರಿಸುತ್ತಿದ್ದರೆ ಬಾಯಿ ಅದಕ್ಕೆ ತಕ್ಕ ಪೂರ್ತಿ ವಾಕ್ಯವನ್ನು, ವ್ಯಾಕರಣ ಒಂದಿಷ್ಟೂ ಕೆಡದಂತೆ, ಹೇಳುತ್ತಲೇ ಇತ್ತು. ಎಂಜಿನಿಯರೂ ಸಂಕೋಚದ ಮನುಷ್ಯನಲ್ಲ. ತನ್ನ ಭಾಷೆಯಲ್ಲಿ ಅಷ್ಟೇ ಉದ್ದದ ಉತ್ತರ ಕೊಡುತ್ತಿದ್ದ. ಇಬ್ಬರೂ ಊರೆಲ್ಲ ಸುತ್ತಿ, ಮಾತಾಡಿ ಮಾತಾಡಿ ದಣಿದು, ಬಹಳ ಸಂತೋಷದಿಂದ ಹಿಂದಿರುಗುತ್ತಿದ್ದರು.

ಯಜಮಾನರು ಕಿಟಕಿಯಿಂದ ಅವರಿಬ್ಬರ ಸಂಭಾಷಣೆ ನೋಡಿ ಉಳಿದ ಮಾಸ್ತರುಗಳನ್ನು ಕರೆದರು.

"ನೋಡ್ರಪ್ಪಾ, ಇಂಗ್ಲಿಷ್ ಅಂದ್ರೆ ಹಾಗಿರಬೇಕು."